ಆ 12 ಮಿಲಿಸೀವರ್ಟ್ ಯಾರದ್ದು? ಒಂದು ಆಪರೇಷನ್ ಥಿಯೇಟರಿನ ಪ್ರಕರಣ ಅಧ್ಯಯನ

ಎಕ್ಸ್-ರೇ ಇರುವಲ್ಲಿ ಕೆಲಸ ಮಾಡುವವರು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್ ಅವರ ಮೇಲೆ ಬಿದ್ದ ವಿಕಿರಣವನ್ನು ಅಳೆಯುತ್ತದೆ. ಮೂರು ತಿಂಗಳಿಗೊಮ್ಮೆ ಅದರ ವರದಿ ಬಂದಾಗ ನನ್ನ ಕಣ್ಣು ನೇರವಾಗಿ ಕೊನೆಯ ಕಾಲಂಗೆ ಹೋಗುತ್ತದೆ. ಯಾರಿಗೆ ಎಷ್ಟು ಡೋಸ್, ಅಂದರೆ ಎಷ್ಟು ವಿಕಿರಣ, ಬಿದ್ದಿದೆ ಅನ್ನುವುದು ಮಿಲಿಸೀವರ್ಟ್ ಅನ್ನುವ ಅಳತೆಯಲ್ಲಿ ಅಲ್ಲಿರುತ್ತದೆ. ಆ ಸಲ ಮೂಳೆ ವಿಭಾಗದ ಆಪರೇಷನ್ ಥಿಯೇಟರಿನ ಪಟ್ಟಿಯಲ್ಲಿ ಸಾಲಾಗಿ ಸೊನ್ನೆಗಳಿದ್ದವು. ನಡುವೆ ಒಂದೇ ಒಂದು ಕಡೆ 12 ಮಿಲಿಸೀವರ್ಟ್.

ಅದು ಥಿಯೇಟರಿನ ಹಿರಿಯ ಸಿಸ್ಟರ್ ಒಬ್ಬರ ಬ್ಯಾಡ್ಜ್.

ಆಸ್ಪತ್ರೆಯಲ್ಲಿ ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಕೆಲಸ ನನ್ನದು. ಯಾವ ಆಸ್ಪತ್ರೆ ಅನ್ನುವುದು ಇಲ್ಲಿ ಬೇಡ. ಸಿ-ಆರ್ಮ್ ಇರುವ ಯಾವ ಥಿಯೇಟರಿನಲ್ಲಾದರೂ ಹೀಗೆ ಆಗಬಹುದು, ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಗೊತ್ತಿಲ್ಲದವರಿಗೆ ಒಂದು ಮಾತು: ಸಿ-ಆರ್ಮ್ ಅಂದರೆ ಆಪರೇಷನ್ ನಡೆಯುವಾಗಲೇ ಎಕ್ಸ್-ರೇ ಚಿತ್ರವನ್ನು ಪರದೆಯ ಮೇಲೆ ತೋರಿಸುವ ಯಂತ್ರ. ಅದರ ತೋಳು ಇಂಗ್ಲಿಷ್ ಸಿ ಅಕ್ಷರದ ಹಾಗೆ ಬಾಗಿರುತ್ತದೆ. ಒಂದು ತುದಿಯಲ್ಲಿ ಕಿರಣ ಹೊರಡುವ ಟ್ಯೂಬ್, ಇನ್ನೊಂದು ತುದಿಯಲ್ಲಿ ಕಿರಣವನ್ನು ಹಿಡಿದು ಚಿತ್ರ ಮಾಡುವ ಡಿಟೆಕ್ಟರ್. ನಡುವೆ ರೋಗಿ.

12 ಅನ್ನುವ ಸಂಖ್ಯೆ ಎಷ್ಟು ದೊಡ್ಡದು? ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ, ಅಂದರೆ ಐಸಿಆರ್‌ಪಿ, ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಹೇಳುವ ಮಿತಿ ವರ್ಷಕ್ಕೆ 20 ಮಿಲಿಸೀವರ್ಟ್. ಅದು 5 ವರ್ಷಗಳ ಸರಾಸರಿ, ಯಾವ ಒಂದು ವರ್ಷದಲ್ಲೂ 50 ದಾಟಬಾರದು. ನೆಲ, ಗಾಳಿ, ಆಕಾಶ, ಊಟ ಎಲ್ಲದರಿಂದ ಪ್ರಪಂಚದಲ್ಲಿ ಸರಾಸರಿ ಒಬ್ಬರಿಗೆ ಸಿಗುವ ಸಹಜ ವಿಕಿರಣ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಐದು ವರ್ಷಕ್ಕೆ ಸಿಗುವಷ್ಟನ್ನು ಆ ಬ್ಯಾಡ್ಜ್ ಮೂರೇ ತಿಂಗಳಲ್ಲಿ ತೋರಿಸಿತ್ತು.

ನಾನು ಥಿಯೇಟರ್ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಸಿಸ್ಟರ್ ನನ್ನನ್ನು ಬಟ್ಟೆ ಬದಲಾಯಿಸುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು.

"ಮೇಡಂ, ನನಗೆ ಬ್ಲಡ್ ಟೆಸ್ಟ್ ಮಾಡಿಸಿ. ಕ್ಯಾನ್ಸರ್ ಬರುತ್ತಾ?"

ರಕ್ತ ಪರೀಕ್ಷೆಯಲ್ಲಿ ಇಷ್ಟು ಕಡಿಮೆ ಡೋಸ್ ಕಾಣಿಸುವುದಿಲ್ಲ. ರಕ್ತಕಣಗಳಲ್ಲಿ ವ್ಯತ್ಯಾಸ ಆಗಬೇಕಾದರೆ ಇದರ ಹತ್ತಾರು ಪಟ್ಟು ಡೋಸ್ ಒಟ್ಟಿಗೇ ಬೀಳಬೇಕು. ಕ್ಯಾನ್ಸರ್ ವಿಷಯಕ್ಕೆ ಬಂದರೆ, 1 ಸೀವರ್ಟ್‌ಗೆ, ಅಂದರೆ 1000 ಮಿಲಿಸೀವರ್ಟ್‌ಗೆ, ನೂರಕ್ಕೆ ನಾಲ್ಕೈದರಷ್ಟು ಅಪಾಯ ಹೆಚ್ಚುತ್ತದೆ ಅನ್ನುವುದು ಐಸಿಆರ್‌ಪಿ ಇಟ್ಟುಕೊಂಡಿರುವ ಲೆಕ್ಕ. 12ಕ್ಕೆ ಅದು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ. ಇದನ್ನೆಲ್ಲ ನಿಧಾನವಾಗಿ ಹೇಳಿದೆ. ಅವರು ಕೇಳಿಸಿಕೊಂಡರು. ಆದರೆ ಸಮಾಧಾನ ಆದ ಹಾಗೆ ಕಾಣಲಿಲ್ಲ, ಆಗಬೇಕು ಅಂತ ನಾನೂ ಒತ್ತಾಯ ಮಾಡಲಿಲ್ಲ. ಹೆದರಿದವರ ಮುಂದೆ ಭಿನ್ನರಾಶಿ ಇಟ್ಟರೆ ಏನು ಪ್ರಯೋಜನ?

ಆಮೇಲೆ ಕೇಳಬೇಕಾದ ಪ್ರಶ್ನೆ ಕೇಳಿದೆ. "ಸಿಸ್ಟರ್, ನಿಮ್ಮ ಬ್ಯಾಡ್ಜ್ ಎಲ್ಲಿ ಹಾಕಿಕೊಳ್ತೀರಿ?"

"ಏಪ್ರನ್‌ಗೇ ಸಿಕ್ಕಿಸಿರ್ತೀನಿ ಮೇಡಂ, ಮರೆಯಬಾರದು ಅಂತ."

"ಯಾವ ಏಪ್ರನ್?"

ಅವರು ನನ್ನನ್ನು ಥಿಯೇಟರ್ ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಅರಿವಳಿಕೆ ಯಂತ್ರದ ಪಕ್ಕದಲ್ಲಿ ಒಂದು ಸ್ಟ್ಯಾಂಡ್. ಅದರ ಮೇಲೆ ಹಳೆಯ, ಭಾರವಾದ ಒಂದು ಲೆಡ್ ಏಪ್ರನ್, ಅಂದರೆ ಕಿರಣವನ್ನು ತಡೆಯುವ ಸೀಸದ ಮೇಲಂಗಿ. ಸೊಂಟದ ವೆಲ್ಕ್ರೋ ಪಟ್ಟಿ ಹಿಡಿಯುತ್ತಿರಲಿಲ್ಲ, ಬಗ್ಗಿದರೆ ಬಿಚ್ಚಿಕೊಳ್ಳುತ್ತಿತ್ತು. ಹಾಗಾಗಿ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಸಿಸ್ಟರ್ ಹೆಸರಿಗೆ ಕೊಟ್ಟಿದ್ದ ಏಪ್ರನ್ ಅದು. ಅವರು ಹಾಕಿಕೊಳ್ಳುತ್ತಿದ್ದುದು ಮಾತ್ರ ಆ ಹೊತ್ತಿಗೆ ಸಿಕ್ಕ ಬೇರೆ ಏಪ್ರನ್. ಬ್ಯಾಡ್ಜ್ ಮೂರು ತಿಂಗಳೂ ಆ ಹಳೆಯ ಏಪ್ರನ್‌ನ ಎದೆಯ ಮೇಲೆ, ಟೇಬಲ್ಲಿಗೆ ಮುಖ ಮಾಡಿ ತೂಗುತ್ತಿತ್ತು.

ಸ್ಟ್ಯಾಂಡ್ ಒಳಗೆ ಬಂದದ್ದಕ್ಕೂ ಕಾರಣವಿತ್ತು. ಹೊರಗಿಟ್ಟರೆ ಪಕ್ಕದ ಥಿಯೇಟರಿನವರು ಏಪ್ರನ್ ತೆಗೆದುಕೊಂಡು ಹೋಗುತ್ತಿದ್ದರಂತೆ. ಇಂಥ ಸಣ್ಣ ಕಾರಣಗಳನ್ನು ಕೇಳಿ ತಿಳಿದುಕೊಳ್ಳದೆ ನಿಯಮ ಮಾಡಿದರೆ ಆ ನಿಯಮ ನಿಲ್ಲುವುದಿಲ್ಲ.

ಇಲ್ಲಿಗೆ ಪ್ರಕರಣ ಮುಗಿಯಿತು ಅಂತ ಬರೆದುಬಿಡಬಹುದಿತ್ತು. "ಬ್ಯಾಡ್ಜ್ ಧರಿಸಿರಲಿಲ್ಲ, ಅಂಕಿ ವ್ಯಕ್ತಿಯದ್ದಲ್ಲ" ಅಂತ ಒಂದು ಸಾಲು ಸಾಕು. ಎಲ್ಲರೂ ನಿರಾಳ. ಆಡಳಿತದವರು ಬಯಸಿದ್ದೂ ಅದೇ. ಆದರೆ ಎರಡು ವಿಷಯ ನನ್ನನ್ನು ಬಿಡಲಿಲ್ಲ.

ಮೊದಲನೆಯದು, ಆ ಬ್ಯಾಡ್ಜ್ ಸುಳ್ಳು ಹೇಳಿರಲಿಲ್ಲ. ಸಿಸ್ಟರ್ ಬಗ್ಗೆ ಅಲ್ಲದಿದ್ದರೂ, ಆ ಜಾಗದ ಬಗ್ಗೆ ನಿಜವನ್ನೇ ಹೇಳಿತ್ತು. ಸಿ-ಆರ್ಮ್ ರಿಜಿಸ್ಟರ್ ತೆಗೆದು ಕೂಡಿಸಿದೆ. ಮೂರು ತಿಂಗಳಲ್ಲಿ ಕಿರಣ ಆನ್ ಇದ್ದದ್ದು ಹತ್ತಿರ ಹತ್ತಿರ 600 ನಿಮಿಷ. ನಮ್ಮ ಕ್ಷೇತ್ರದಲ್ಲಿ ಒಂದು ಅಂದಾಜು ಲೆಕ್ಕ ಇದೆ: ರೋಗಿಯ ಚರ್ಮದ ಮೇಲೆ ಬೀಳುವ ಕಿರಣದ ಸುಮಾರು ಸಾವಿರದಲ್ಲಿ ಒಂದು ಭಾಗ, ರೋಗಿಯಿಂದ ಚದುರಿ, 1 ಮೀಟರ್ ದೂರದಲ್ಲಿರುವವರಿಗೆ ತಲುಪುತ್ತದೆ. ಚರ್ಮದ ಮೇಲೆ ನಿಮಿಷಕ್ಕೆ 20 ಮಿಲಿಗ್ರೇ (ಎಕ್ಸ್-ರೇ ವಿಷಯದಲ್ಲಿ ಇದನ್ನು ಮಿಲಿಸೀವರ್ಟ್‌ಗೆ ಸಮ ಅಂತಿಟ್ಟುಕೊಳ್ಳಬಹುದು) ಅಂದುಕೊಂಡರೆ, 1 ಮೀಟರ್ ದೂರದಲ್ಲಿ ನಿಮಿಷಕ್ಕೆ 20 ಮೈಕ್ರೋಸೀವರ್ಟ್‌ನಷ್ಟು, ಅಂದರೆ 0.02 ಮಿಲಿಸೀವರ್ಟ್. 600 ನಿಮಿಷಕ್ಕೆ 12 ಮಿಲಿಸೀವರ್ಟ್. ಟೇಬಲ್ಲಿನಿಂದ ಸ್ಟ್ಯಾಂಡ್‌ವರೆಗೆ ಟೇಪ್ ಹಿಡಿದು ಅಳೆದೆ. ಒಂದು ಮೀಟರ್ ಮೇಲೆ ಸ್ವಲ್ಪ. ಅಂದಾಜು ಇಷ್ಟು ಹತ್ತಿರ ಬಂದದ್ದು ಅದೃಷ್ಟ ಇರಬಹುದು, ಆದರೂ ಅಂಕಿ ಆ ಜಾಗದ್ದೇ ಅನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಎರಡನೆಯದು ಸೊನ್ನೆಗಳು. 1 ಮೀಟರ್ ದೂರದಲ್ಲಿ 12 ಇದ್ದರೆ, ಅರ್ಧ ಮೀಟರ್ ದೂರದಲ್ಲಿ ನಿಂತು ಆಪರೇಷನ್ ಮಾಡುವ ಸರ್ಜನ್‌ಗೆ ಎಷ್ಟು? ದೂರ ಅರ್ಧವಾದರೆ ಕಿರಣ ನಾಲ್ಕು ಪಟ್ಟು. ಅಂದರೆ 48. ಅರ್ಧ ಮಿಲಿಮೀಟರ್ ಸೀಸದ ಏಪ್ರನ್ ಅದರಲ್ಲಿ ಶೇ. 95ಕ್ಕಿಂತ ಜಾಸ್ತಿಯನ್ನು ತಡೆಯುತ್ತದೆ ಅಂತಿಟ್ಟುಕೊಳ್ಳಿ. ಆ 600 ನಿಮಿಷವನ್ನು ಮೂವರು ಸರ್ಜನ್‌ಗಳು ಹಂಚಿಕೊಂಡಿದ್ದಾರೆ ಅಂತಲೂ ಇಟ್ಟುಕೊಳ್ಳಿ. ಆದರೂ ಏಪ್ರನ್ ಒಳಗಿನ ಬ್ಯಾಡ್ಜಿನಲ್ಲಿ ಸ್ವಲ್ಪವಾದರೂ ಕಾಣಿಸಬೇಕು. ಎಲ್ಲರದೂ ಸೊನ್ನೆ ಬರಲು ಹೇಗೆ ಸಾಧ್ಯ?

ಒಬ್ಬೊಬ್ಬರನ್ನೇ ಕೇಳಿದೆ. ಒಂದು ಬ್ಯಾಡ್ಜ್ ಲಾಕರ್‌ನಲ್ಲಿತ್ತು. ಒಂದು ಡಾಕ್ಟರ ಕಾರಿನಲ್ಲಿತ್ತು. ಇನ್ನೊಂದು ಬಿಳಿ ಕೋಟಿನ ಜೇಬಿನಲ್ಲಿ, ಆ ಕೋಟು ಬಟ್ಟೆ ಬದಲಾಯಿಸುವ ಕೋಣೆಯ ಗೂಟದಲ್ಲಿ. ಮರೆವು ಅಂದುಕೊಂಡೆ. ಆದರೆ ಸರ್ಜನ್ ಒಬ್ಬರು ನೇರವಾಗಿ ಹೇಳಿದರು.

"ಎರಡು ವರ್ಷದ ಹಿಂದೆ ನನ್ನ ಬ್ಯಾಡ್ಜ್‌ನಲ್ಲಿ ಸ್ವಲ್ಪ ಜಾಸ್ತಿ ಬಂದಿತ್ತು. ಲಿಖಿತ ವಿವರಣೆ ಕೊಡಿ ಅಂತ ನೋಟಿಸ್ ಬಂತು. ಆಮೇಲಿಂದ ನಾನು ಹಾಕಿಕೊಳ್ಳೋದೇ ಬಿಟ್ಟೆ. ನನ್ನನ್ನು ನೋಡಿ ಉಳಿದವರೂ ಬಿಟ್ಟಿರಬಹುದು."

ಆ ನೋಟಿಸಿಗೆ ಸಹಿ ಮಾಡಿದ್ದು ನಾನೇ. ಕಡತ ತೆಗೆದು ಓದಿದೆ. "ಮಿತಿಮೀರಿದ ಅಂಕಿಗೆ ಕಾರಣ ನೀಡತಕ್ಕದ್ದು" ಅಂತ ಇತ್ತು. ತಪ್ಪು ಮಾಡಿದವರಿಗೆ ಬರೆಯುವ ಭಾಷೆ. ವಿಕಿರಣ ಬಿದ್ದವರನ್ನೇ ಅಪರಾಧಿ ಮಾಡಿದ್ದೆ. ಬ್ಯಾಡ್ಜ್ ಹಾಕಿಕೊಂಡವರಿಗೆ ನೋಟಿಸ್, ಹಾಕಿಕೊಳ್ಳದವರಿಗೆ ನೆಮ್ಮದಿ ಅನ್ನುವ ಪಾಠವನ್ನು ಇಡೀ ಥಿಯೇಟರ್ ಕಲಿತಿತ್ತು. ಎರಡು ವರ್ಷ ಸೊನ್ನೆಗಳನ್ನು ನೋಡಿ ನಾನು ಖುಷಿಪಟ್ಟಿದ್ದೆ.

ಆಪರೇಷನ್ ನಡೆಯುವಾಗ

ಮಾರನೆಯ ದಿನ ಏಪ್ರನ್, ಕುತ್ತಿಗೆಯ ಥೈರಾಯ್ಡ್ ಗ್ರಂಥಿಯನ್ನು ಕಾಯುವ ಸೀಸದ ಕಾಲರ್ ಹಾಕಿಕೊಂಡು ಒಳಗೆ ನಿಂತೆ. ತೊಡೆಮೂಳೆ ಮುರಿದವರಿಗೆ ಒಳಗೆ ರಾಡ್ ಹಾಕುವ ಆಪರೇಷನ್. ಕೋಣೆಯಲ್ಲಿ ನನ್ನನ್ನು ಬಿಟ್ಟು ಎಂಟು ಜನ, ಹಾಕಿಕೊಳ್ಳುವ ಸ್ಥಿತಿಯಲ್ಲಿದ್ದ ಏಪ್ರನ್ ಐದು. ಥೈರಾಯ್ಡ್ ಕಾಲರ್‌ಗಳು ಮೂಲೆಯ ಬುಟ್ಟಿಯಲ್ಲಿದ್ದವು. ಅಂದು ಬೇರೆ ಯಾರ ಕುತ್ತಿಗೆಯಲ್ಲೂ ಇರಲಿಲ್ಲ.

"ಶೂಟ್" ಅಂತ, ಅಂದರೆ ಕಿರಣ ಬಿಡಿ ಅಂತ, ಸರ್ಜನ್ ಹೇಳಿದ ಕೂಡಲೇ ಎಲ್ಲರೂ ಒಂದು ಹೆಜ್ಜೆ ಸರಿದರು. ಯಾವುದರಿಂದ ಸರಿದರು ಅನ್ನುವುದನ್ನು ನೋಡಿ ನನಗೆ ವಿಷಯ ಅರ್ಥವಾಯಿತು. ಅವರು ಹೆದರುತ್ತಿದ್ದುದು ಮೇಲಿನ ದೊಡ್ಡ ಡಬ್ಬಕ್ಕೆ. ಅದು ಡಿಟೆಕ್ಟರ್, ಅದರಿಂದ ಏನೂ ಹೊರಡುವುದಿಲ್ಲ. ಕಿರಣ ಹೊರಡುವ ಟ್ಯೂಬ್ ಟೇಬಲ್ಲಿನ ಕೆಳಗೆ, ಹಸಿರು ಬಟ್ಟೆಯ ಮರೆಯಲ್ಲಿ ಇತ್ತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಕೋಣೆಯಲ್ಲಿ ನಿಂತವರಿಗೆ ತಲುಪುವ ಕಿರಣ ಬಹುಪಾಲು ಯಂತ್ರದಿಂದ ನೇರವಾಗಿ ಬರುವುದೇ ಇಲ್ಲ. ರೋಗಿಯ ಮೈಗೆ ಬಡಿದು ಚದುರಿ ಬರುತ್ತದೆ. ಟಾರ್ಚ್ ಬೆಳಕು ಬಿಳಿ ಗೋಡೆಗೆ ಬಿದ್ದರೆ ಇಡೀ ಕೋಣೆ ಬೆಳಗುತ್ತದಲ್ಲ, ಹಾಗೆ. ಟ್ಯೂಬ್ ಇರುವ ಕಡೆ ಈ ಚದುರುವಿಕೆ ಹಲವು ಪಟ್ಟು ಜಾಸ್ತಿ, ಡಿಟೆಕ್ಟರ್ ಕಡೆ ಕಡಿಮೆ. ಯಾಕೆಂದರೆ ಕಿರಣ ಮೈಯನ್ನು ದಾಟಿ ಆ ಕಡೆ ಬರುವಷ್ಟರಲ್ಲಿ ಬಹಳ ಕುಗ್ಗಿರುತ್ತದೆ. ಅದಕ್ಕೇ ಟ್ಯೂಬ್ ಕೆಳಗಿರಬೇಕು ಅನ್ನುವುದು. ಹಾಗಿದ್ದರೆ ಚದುರಿದ ಕಿರಣ ಹೆಚ್ಚಾಗಿ ಕಾಲಿನ ಕಡೆ ಹೋಗುತ್ತದೆ, ಕಣ್ಣಿನ ಕಡೆ ಅಲ್ಲ.

ಪಕ್ಕದಿಂದ ಚಿತ್ರ ತೆಗೆಯಲು ತೋಳನ್ನು ಅಡ್ಡ ತಿರುಗಿಸಿದರು. ಈಗ ಟ್ಯೂಬ್ ಒಂದು ಮಗ್ಗುಲಿಗೆ, ಡಿಟೆಕ್ಟರ್ ಇನ್ನೊಂದು ಮಗ್ಗುಲಿಗೆ. ಡಬ್ಬಕ್ಕೆ ಹೆದರಿ ಇಬ್ಬರು ಟ್ಯೂಬ್ ಇದ್ದ ಕಡೆಗೇ ಸರಿದು ನಿಂತರು. ಸುರಕ್ಷಿತ ಅಂದುಕೊಂಡು ಅತಿ ಹೆಚ್ಚು ಕಿರಣ ಇರುವ ಜಾಗಕ್ಕೆ ಹೋದರು. ಅರಿವಳಿಕೆ ಡಾಕ್ಟರು ಮುಂಭಾಗ ಮಾತ್ರ ಮುಚ್ಚುವ ಏಪ್ರನ್ ಹಾಕಿಕೊಂಡು, ಮಾನಿಟರ್ ನೋಡಲು ತಿರುಗಿ, ತೆರೆದ ಬೆನ್ನನ್ನು ಟೇಬಲ್ಲಿಗೆ ಕೊಟ್ಟು ನಿಂತಿದ್ದರು.

ರಾಡಿನ ಕೆಳತುದಿಯ ತೂತಿಗೆ ಸ್ಕ್ರೂ ಸೇರಿಸುವುದು ಈ ಆಪರೇಷನ್ನಿನ ಕಷ್ಟದ ಭಾಗ. ತೂತು ಮೂಳೆಯ ಒಳಗಿದೆ, ಕಣ್ಣಿಗೆ ಕಾಣುವುದಿಲ್ಲ, ಎಕ್ಸ್-ರೇಯಲ್ಲೇ ಹುಡುಕಬೇಕು. ಅಂದು ಕಿರಣ ಜಾಸ್ತಿ ಹೊತ್ತು ಆನ್ ಇದ್ದದ್ದು ಆಗಲೇ. ಪರದೆಯ ಮೇಲೆ ಸರ್ಜನ್ನರ ಬೆರಳ ಮೂಳೆಗಳು ಕಂಡವು. ಚದುರಿದ ಕಿರಣವಲ್ಲ, ನೇರ ಕಿರಣದೊಳಗೆ ಕೈ. ಎಕ್ಸ್-ರೇ ಪತ್ತೆಯಾದದ್ದು 1895ರಲ್ಲಿ. ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಎಕ್ಸ್-ರೇ ಟ್ಯೂಬ್‌ಗಳನ್ನು ತನ್ನ ಕೈಗಳ ಮೇಲೇ ಪರೀಕ್ಷೆ ಮಾಡಿ ಮಾಡಿ, ಕೈಗಳನ್ನು ಕಳೆದುಕೊಂಡು, 1904ರಲ್ಲಿ ತೀರಿಕೊಂಡರು. ಇವತ್ತಿನ ಡೋಸ್ ಆ ಕಾಲದ್ದಕ್ಕೆ ಹೋಲಿಕೆಯೇ ಅಲ್ಲ, ನಿಜ. ಆದರೂ ಆ ಬೆರಳುಗಳನ್ನು ಪರದೆಯ ಮೇಲೆ ನೋಡಿದಾಗ ನನಗೆ ಅದೇ ನೆನಪಾಯಿತು.

ಇಷ್ಟು ಹೊತ್ತೂ ಸ್ಟ್ಯಾಂಡ್ ಪಕ್ಕದಲ್ಲಿ, ಆ ಹಳೆಯ ಏಪ್ರನ್‌ಗೆ ಭುಜ ತಾಗುವಷ್ಟು ಹತ್ತಿರ, ಒಬ್ಬ ಹುಡುಗ ನಿಂತಿದ್ದ. ಅರಿವಳಿಕೆ ಟೆಕ್ನಿಷಿಯನ್. ಮೈಮೇಲೆ ಏಪ್ರನ್ ಇಲ್ಲ. ಬ್ಯಾಡ್ಜೂ ಇಲ್ಲ.

ಆಪರೇಷನ್ ಮುಗಿದ ಮೇಲೆ ಕೇಳಿದೆ. "ಯಾವಾಗಲೂ ಇಲ್ಲೇ ನಿಲ್ತೀಯಾ?"

"ಹೂಂ ಮೇಡಂ, ಮಷಿನ್ ಇಲ್ಲೇ ಇರೋದಲ್ವಾ?"

"ಏಪ್ರನ್?"

"ಡಾಕ್ಟರ್‌ಗಳಿಗೆ, ಸಿಸ್ಟರ್‌ಗಳಿಗೆ ಆದ ಮೇಲೆ ಉಳಿದರೆ ಹಾಕ್ಕೋತೀನಿ. ಇದು ಬಿಚ್ಚಿಕೊಳ್ಳುತ್ತೆ. ಮತ್ತೆ ನಾನೇನೂ ಎಕ್ಸ್-ರೇ ತೆಗೆಯಲ್ಲವಲ್ಲ ಮೇಡಂ."

ಬ್ಯಾಡ್ಜ್ ಪಟ್ಟಿ ಮಾಡುವಾಗ "ಎಕ್ಸ್-ರೇ ಜೊತೆ ಕೆಲಸ ಮಾಡುವವರು" ಯಾರು ಅಂತ ವಿಭಾಗದವರನ್ನು ಕೇಳಿದ್ದೆವು. ಅವರೂ ಹೀಗೇ ಯೋಚಿಸಿ ಅವನ ಹೆಸರು ಕೊಟ್ಟಿರಲಿಲ್ಲ. ಸಿಸ್ಟರ್ ಹೆಸರಿನಲ್ಲಿ ಬಂದಿದ್ದ 12 ಮಿಲಿಸೀವರ್ಟ್, ಯಾರದ್ದಾದರೂ ಆಗಿದ್ದರೆ, ಅದು ಈ ಹುಡುಗನದ್ದು.

ನೀರಿನ ಕ್ಯಾನ್

ಉಪನ್ಯಾಸ ಬೇಡ ಅಂತ ತೀರ್ಮಾನಿಸಿದೆ. ಹಿಂದೆ ಸ್ಲೈಡ್ ಹಾಕಿ ಎರಡು ಸಲ ಹೇಳಿದ್ದೆ, ಎಲ್ಲರೂ ಸಹಿ ಹಾಕಿ ಹೋಗಿದ್ದರು. ಅಂಥ ಸಹಿಯನ್ನು ಅರಿವು ಅಂತ ಲೆಕ್ಕ ಹಾಕುವುದನ್ನು ನಾವು ನಿಲ್ಲಿಸಬೇಕು.

ಬದಲಿಗೆ ಟೇಬಲ್ ಮೇಲೆ 20 ಲೀಟರ್ ನೀರಿನ ಕ್ಯಾನ್ ಇಟ್ಟೆವು. ಕಿರಣದ ಪಾಲಿಗೆ ನೀರು ಮನುಷ್ಯನ ಮೈಯ ಹಾಗೆಯೇ. ಕಿರಣ ಅಳೆಯುವ ಸರ್ವೇ ಮೀಟರನ್ನು ಟೆಕ್ನಿಷಿಯನ್ ಕೈಗೆ ಕೊಟ್ಟೆ, ಏಪ್ರನ್ ಹಾಕಿಸಿ. ಅವನು ಓದಿ ಹೇಳುವುದು, ಸಿಸ್ಟರ್ ಬೋರ್ಡ್ ಮೇಲೆ ಬರೆಯುವುದು.

ಮೊದಲು ಕ್ಯಾನ್ ಇಲ್ಲದೆ ಕಿರಣ ಬಿಟ್ಟೆವು. ಪಕ್ಕದಲ್ಲಿ ಮೀಟರ್ ಮುಳ್ಳು ಹೆಚ್ಚು ಕದಲಲಿಲ್ಲ. ಕ್ಯಾನ್ ಇಟ್ಟ ಕೂಡಲೇ ಜಿಗಿಯಿತು. ಯಾರೂ ಮಾತಾಡಲಿಲ್ಲ. ಕಿರಣ ರೋಗಿಯಿಂದ ಚದುರುತ್ತದೆ ಅಂತ ನಾನು ಎಷ್ಟು ಸಲ ಹೇಳಿದ್ದರೂ ಹೋಗದ ಮಾತು ಆ ಒಂದು ಜಿಗಿತದಲ್ಲಿ ಒಳಗೆ ಹೋಯಿತು. ಆಮೇಲೆ ಅರ್ಧ ಮೀಟರ್, ಒಂದು ಮೀಟರ್, ಎರಡು ಮೀಟರ್. ದೂರ ಇಮ್ಮಡಿಯಾದಾಗಲೆಲ್ಲ ಅಂಕಿ ಹೆಚ್ಚು ಕಡಿಮೆ ಕಾಲು ಭಾಗಕ್ಕೆ ಇಳಿಯಿತು. ಅರ್ಧ ಮೀಟರ್‌ನಿಂದ ಎರಡು ಮೀಟರ್‌ಗೆ ಬಂದರೆ ಹದಿನಾರನೇ ಒಂದು ಪಾಲು. "ಎರಡು ಹೆಜ್ಜೆಗೆ ಇಷ್ಟೊಂದಾ?" ಅಂತ ಅಟೆಂಡರ್ ಕೇಳಿದರು. ಹೌದು, ಎರಡು ಹೆಜ್ಜೆಗೆ. ದೂರಕ್ಕೆ ತೂಕವೂ ಇಲ್ಲ, ವೆಲ್ಕ್ರೋವೂ ಬೇಕಿಲ್ಲ.

ತೋಳನ್ನು ಅಡ್ಡ ತಿರುಗಿಸಿ ಟ್ಯೂಬ್ ಕಡೆ ಅಳೆದೆವು, ಡಿಟೆಕ್ಟರ್ ಕಡೆ ಅಳೆದೆವು. ಡಬ್ಬದ ಪಕ್ಕ ಅಂಕಿ ಕಡಿಮೆ ಬಂದಾಗ ಅರಿವಳಿಕೆ ಡಾಕ್ಟರು ಮೀಟರ್ ತಾವೇ ಹಿಡಿದು ಇನ್ನೊಮ್ಮೆ ಮಾಡಿಸಿದರು. ನಂಬಿಕೆ ಆಗಿರಲಿಲ್ಲ ಅವರಿಗೆ. ಸರಿಯಾದ ಕೆಲಸವನ್ನೇ ಮಾಡಿದರು.

ನಂತರ ಪ್ರಶ್ನೆಗಳು ಬಂದವು. ಆಪರೇಷನ್ ಮುಗಿದ ಮೇಲೆ ಕೋಣೆಯಲ್ಲಿ ಕಿರಣ ಉಳಿಯುತ್ತಾ? ಇಲ್ಲ, ಲೈಟ್ ಆರಿಸಿದ ಹಾಗೆ, ಕಿರಣ ಬಿಡುವ ಕಾಲಿನ ಪೆಡಲ್ ಬಿಟ್ಟ ಕ್ಷಣ ಮುಗಿಯಿತು. ಬಟ್ಟೆಗೆ ಅಂಟುತ್ತಾ? ಇಲ್ಲ. "ನನಗೆ ಮಕ್ಕಳಾಗಿವೆ, ಇನ್ಯಾಕೆ ಏಪ್ರನ್?" ಅಂತ ಒಬ್ಬರು ಕೇಳಿದರು. ಈ ಮಾತು ನಾನು ಬಹಳ ಕಡೆ ಕೇಳಿದ್ದೇನೆ. ಏಪ್ರನ್ ಇರುವುದು ಮಕ್ಕಳಾಗಲಿ ಅಂತ ಮಾತ್ರ ಅಲ್ಲ. ಶ್ವಾಸಕೋಶ, ಹೊಟ್ಟೆ, ಎಲುಬಿನೊಳಗಿನ ಮಜ್ಜೆ, ಎಲ್ಲವನ್ನೂ ಅದು ಕಾಯುತ್ತದೆ. ಕಣ್ಣಿನ ವಿಷಯ ಹೇಳಿದಾಗ ಸರ್ಜನ್‌ಗಳು ಗಂಭೀರವಾದರು. ಕಣ್ಣಿನ ಮಸೂರಕ್ಕೆ ಮೊದಲು ವರ್ಷಕ್ಕೆ 150 ಮಿಲಿಸೀವರ್ಟ್ ಮಿತಿ ಇತ್ತು. 2011ರಲ್ಲಿ ಐಸಿಆರ್‌ಪಿ ಅದನ್ನು 20ಕ್ಕೆ ಇಳಿಸಿತು, ಪೊರೆ ಬರಲು ಅಂದುಕೊಂಡಷ್ಟು ಡೋಸ್ ಬೇಕಿಲ್ಲ ಅಂತ ಗೊತ್ತಾದ ಮೇಲೆ.

ಎಲ್ಲರೂ ಹೋದ ಮೇಲೆ ಕಿರಿಯ ಸಿಸ್ಟರ್ ಒಬ್ಬರು ಉಳಿದರು. ಬಸಿರಾದರೆ ಹೇಳಬೇಕಾ ಅಂತ ಮೆಲ್ಲಗೆ ಕೇಳಿದರು. ಹೇಳಬೇಕು, ಬೇಗ ಹೇಳಿದಷ್ಟೂ ಒಳ್ಳೆಯದು. ಹೇಳಿದ ಮೇಲೆ ಮಗುವಿಗೆ ತಲುಪುವ ಡೋಸ್ 1 ಮಿಲಿಸೀವರ್ಟ್ ದಾಟದ ಹಾಗೆ ಕೆಲಸ ಹಂಚುವುದು ನಮ್ಮ ಜವಾಬ್ದಾರಿ. ಹೇಳಿದ್ದಕ್ಕೆ ಅವರ ಕೆಲಸಕ್ಕೆ ಕುತ್ತು ಬರಬಾರದು. ಇದನ್ನು ಆಮೇಲೆ ಬರಹದಲ್ಲೇ ಕೊಡಿಸಿದೆ. ಬಾಯಿಮಾತಿಗೆ ಧೈರ್ಯ ಬರುವುದಿಲ್ಲ.

ಬದಲಾದದ್ದು

ದೊಡ್ಡ ಖರ್ಚಿನದ್ದು ಕಡಿಮೆ. ಹಳೆಯ ಏಪ್ರನ್‌ಗೆ ಹೊಸ ವೆಲ್ಕ್ರೋ ಹೊಲಿಸಿದೆವು. ಇಷ್ಟು ದಿನ ಒಬ್ಬ ಹುಡುಗನನ್ನು ಕಾಯದೆ ಇದ್ದದ್ದು ಒಂದು ಗೇಣು ಪಟ್ಟಿ. ಎಲ್ಲ ಏಪ್ರನ್‌ಗಳನ್ನೂ ಸಿ-ಆರ್ಮ್ ಕೆಳಗೆ ಹರಡಿ ನೋಡಿದೆವು. ಒಂದರಲ್ಲಿ ಮಡಿಚಿದ ಗೆರೆಯ ಉದ್ದಕ್ಕೂ ಸೀಸ ಸೀಳಿತ್ತು, ಹೊರಗಿನಿಂದ ಏನೂ ಗೊತ್ತಾಗುತ್ತಿರಲಿಲ್ಲ. ಅದನ್ನು ತೆಗೆದುಹಾಕಿ, ಕಡಿಮೆ ಬಿದ್ದಷ್ಟು ಹೊಸ ಏಪ್ರನ್ ತರಿಸಿದೆವು. ಸ್ಟ್ಯಾಂಡ್ ಬಾಗಿಲ ಹೊರಗೆ ಹೋಯಿತು, ಏಪ್ರನ್‌ಗಳ ಮೇಲೆ ಥಿಯೇಟರ್ ನಂಬರ್ ಬಂತು. ನೆಲದ ಮೇಲೆ ಎರಡು ಮೀಟರ್ ದೂರಕ್ಕೆ ಟೇಪ್ ಅಂಟಿಸಿದೆವು. ಕೈ ಕೆಲಸ ಇಲ್ಲದವರು "ಶೂಟ್" ಅಂದಾಗ ಗೆರೆಯ ಆಚೆ. ಸಿ-ಆರ್ಮ್ ನಡೆಸುವವರು ಟ್ಯೂಬ್ ಯಾವ ಕಡೆ ಇದೆ ಅಂತ ಪ್ರತಿ ಸಲ ಗಟ್ಟಿಯಾಗಿ ಹೇಳಬೇಕು. ಕಿರಣವನ್ನು ಬಿಟ್ಟು ಬಿಟ್ಟು ಕೊಡುವ ಪಲ್ಸ್ ಮೋಡ್, ಪೆಡಲ್ ಬಿಟ್ಟ ಮೇಲೂ ಕೊನೆಯ ಚಿತ್ರ ಪರದೆಯಲ್ಲಿ ನಿಲ್ಲುವ ಸೌಲಭ್ಯ, ಎರಡೂ ಯಂತ್ರದಲ್ಲಿ ಮೊದಲಿಂದ ಇದ್ದವು, ಬಳಸುತ್ತಿರಲಿಲ್ಲ ಅಷ್ಟೇ.

ಬ್ಯಾಡ್ಜ್‌ಗಳಿಗೆ ಬಾಗಿಲ ಹೊರಗೆ ಒಂದು ಬೋರ್ಡ್. ಒಳಗೆ ಹೋಗುವಾಗ ತೆಗೆದು ಏಪ್ರನ್ ಒಳಗೆ ಎದೆಗೆ, ಬರುವಾಗ ವಾಪಸ್ ಬೋರ್ಡ್‌ಗೆ. ಥಿಯೇಟರಿನಲ್ಲಿ ಸಿ-ಆರ್ಮ್ ಕೇಸಿಗೆ ನಿಲ್ಲುವ ಪ್ರತಿಯೊಬ್ಬರಿಗೂ ಒಂದು, ಕೆಲಸದ ಹೆಸರು ಏನೇ ಇರಲಿ. ನೋಟಿಸ್ ನಮೂನೆಯನ್ನು ಹರಿದುಹಾಕಿ ನಾನೇ ಹೊಸದು ಬರೆದೆ. ಈಗ ಅದರ ಮೊದಲ ಸಾಲು, "ನಿಮ್ಮ ಬ್ಯಾಡ್ಜ್‌ನಲ್ಲಿ ಎಂದಿಗಿಂತ ಹೆಚ್ಚು ಡೋಸ್ ಕಂಡಿದೆ, ಕಾರಣ ಹುಡುಕಲು ನಾವು ನಿಮ್ಮ ಬಳಿಗೆ ಬರುತ್ತೇವೆ."

ಮುಂದಿನ ಮೂರು ತಿಂಗಳ ವರದಿ ಬಂತು. ಸೊನ್ನೆಗಳು ಕಡಿಮೆಯಾಗಿದ್ದವು. ಹೆಚ್ಚಿನವರ ಮುಂದೆ ಸಣ್ಣ ಸಣ್ಣ ಅಂಕಿಗಳು, ಎಲ್ಲವೂ ಮಿತಿಗಿಂತ ಬಹಳ ಕೆಳಗೆ. ಆಡಳಿತದಿಂದ ಫೋನ್ ಬಂತು. "ಏನು ಮೇಡಂ, ಇಷ್ಟೆಲ್ಲ ಮಾಡಿದ ಮೇಲೆ ಎಲ್ಲರದೂ ಜಾಸ್ತಿ ಆಗಿದೆಯಲ್ಲ?" ಜಾಸ್ತಿ ಆಗಿಲ್ಲ, ಈಗ ಕಾಣಿಸುತ್ತಿದೆ ಅಂತ ಹೇಳಿದೆ. ಬ್ಯಾಡ್ಜ್ ಈಗ ಕಾರಿನಲ್ಲಿಲ್ಲ, ಎದೆಯ ಮೇಲಿದೆ. ಅವರಿಗೆ ಪೂರ್ತಿ ಒಪ್ಪಿಸಲು ಒಂದು ಸಭೆಯೇ ಬೇಕಾಯಿತು.

ರಾತ್ರಿಯ ಎಮರ್ಜೆನ್ಸಿ ಕೇಸ್‌ಗಳಲ್ಲಿ ಕಾಲರ್ ಇನ್ನೂ ಬುಟ್ಟಿಯಲ್ಲೇ ಉಳಿಯುವುದುಂಟು. ಹಗಲು ಒಪ್ಪಿಕೊಂಡದ್ದು ರಾತ್ರಿ ಎರಡು ಗಂಟೆಗೆ ನೆನಪಿರುವುದಿಲ್ಲ. ಅದಕ್ಕೆ ನನ್ನ ಬಳಿ ಇನ್ನೂ ಸರಿಯಾದ ಉತ್ತರ ಇಲ್ಲ, ವಾರಕ್ಕೊಮ್ಮೆ ರಾತ್ರಿ ಹೋಗಿ ನಿಲ್ಲುತ್ತೇನೆ.

ಟೆಕ್ನಿಷಿಯನ್ ಒಂದು ದಿನ ನನ್ನ ಕೋಣೆಗೆ ಬಂದ. ಅವನ ಹೊಸ ಬ್ಯಾಡ್ಜ್‌ನ ಅಂಕಿ ಚಿಕ್ಕದಿತ್ತು, ಅದನ್ನು ನೋಡಿ ಖುಷಿಯಾಗಿದ್ದ. ಆಮೇಲೆ ಕೇಳಿದ. "ಮೇಡಂ, ಇದಕ್ಕೆ ಮುಂಚೆ ನಾಲ್ಕು ವರ್ಷ ಇಲ್ಲೇ ಇದ್ದೆ. ಅದರ ಲೆಕ್ಕ?"

ಲೆಕ್ಕ ಹಾಕಿ ತೋರಿಸಿದೆ. ಏಪ್ರನ್ ಸಿಕ್ಕ ದಿನಗಳು, ಸಿಗದ ದಿನಗಳು, ಹೊರಗೆ ಹೋದ ಹೊತ್ತು, ಅವನಿಗೆ ನೆನಪಿದ್ದಷ್ಟನ್ನೂ ಬರೆದುಕೊಂಡೆವು. ಏಪ್ರನ್ ಇಲ್ಲದೆ ಪ್ರತಿ ದಿನ ಅಲ್ಲೇ ನಿಂತಿದ್ದರೆ ವರ್ಷಕ್ಕೆ 48. ಅಷ್ಟಾಗಿರಲಾರದು, ಆದರೆ ಕೆಲವು ವರ್ಷ 20 ದಾಟಿರಬಹುದು. ಅವನಿಂದ ಮುಚ್ಚಿಡಲಿಲ್ಲ. ಕಣ್ಣಿನ ಮಸೂರದ ಪರೀಕ್ಷೆ ಮಾಡಿಸಿದೆವು, ಸದ್ಯಕ್ಕೆ ಏನೂ ಇಲ್ಲ, ವರ್ಷಕ್ಕೊಮ್ಮೆ ಮಾಡಿಸುತ್ತೇವೆ. ಅಂದಾಜನ್ನು ಅಂದಾಜು ಅಂತಲೇ ಬರೆದು, ಅವನ ಡೋಸ್ ದಾಖಲೆಯ ಮೊದಲ ಪುಟಕ್ಕೆ ಹಚ್ಚಿ, ಕೆಳಗೆ ಇಬ್ಬರೂ ಸಹಿ ಮಾಡಿದೆವು. ಒಂದು ಪ್ರತಿ ಅವನು ಮನೆಗೆ ತೆಗೆದುಕೊಂಡು ಹೋದ.